ಮನೆ ಮುಂದೆ ನಿಂತ ಕಾರು: ನಾವೇ ಮಾಡಬಹುದಾದ ಕೆಲಸ, ಕೈ ಹಾಕಬಾರದ ಕೆಲಸ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಅಲ್ಲಿಂದ ನಮ್ಮ ಕಡೆಯ ಕಾರುಗಳ ದುಡಿಮೆಯೇ ಬೇರೆಯಾಗಿದೆ. ಮೊದಲು ಮೈಸೂರಿನಿಂದ ಹೊರಟರೆ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ ಅಂತ ಊರೂರಿಗೂ ಸಿಗ್ನಲ್, ಹಂಪ್, ಜನಜಂಗುಳಿ ಇರುತ್ತಿತ್ತು. ಕಾರಿಗೆ ನಡುನಡುವೆ ತಾನಾಗಿಯೇ ಬಿಡುವು ಸಿಗುತ್ತಿತ್ತು. ಈಗ 118 ಕಿ.ಮೀ. ದಾರಿ ಊರುಗಳ ಪಕ್ಕದಿಂದಲೇ ಹಾದುಹೋಗುತ್ತದೆ. ಕಾರುಗಳಿಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ. ಒಮ್ಮೆ ಹತ್ತಿದರೆ ಎಂಜಿನ್, ಟೈರು ಎರಡೂ ಒಂದೇ ಸಮ ಬಿಸಿಯಲ್ಲಿ ದುಡಿಯುತ್ತಲೇ ಇರಬೇಕು.

ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗಿಬರುವ ಕಾರಿನಲ್ಲಿ ವರ್ಷಗಟ್ಟಲೆ ಕಾಣದ ದೋಷ ಈ ದಾರಿಯಲ್ಲಿ ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ. ಹಳೆಯ ಟೈರು, ಕಡಿಮೆಯಾದ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ), ಬಿರುಕುಬಿಟ್ಟ ರಬ್ಬರ್ ಪೈಪು, ಇಂಥವು. ಇವುಗಳಲ್ಲಿ ಹೆಚ್ಚಿನವನ್ನು ಮನೆಯ ಪೋರ್ಟಿಕೋದಲ್ಲಿ ನಿಂತೇ ಪತ್ತೆ ಮಾಡಬಹುದು. ಮೆಕ್ಯಾನಿಕ್ ಆಗಬೇಕಿಲ್ಲ. ಯಾವುದನ್ನು ನೋಡಬೇಕು, ಏಕೆ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಯಾವುದು ನಮ್ಮ ಕೆಲಸ?

ಯಾವುದೇ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಾನು ತಪ್ಪಾಗಿ ಮಾಡಿದರೆ ಏನಾಗುತ್ತದೆ?

ವೈಪರ್ ಸರಿಯಾಗಿ ಕೂರಿಸದಿದ್ದರೆ ಗಾಜು ಒರೆಸುವುದಿಲ್ಲ, ಬಿಚ್ಚಿ ಮತ್ತೆ ಹಾಕಬಹುದು. ಬ್ಯಾಟರಿ ಟರ್ಮಿನಲ್ ಸಡಿಲ ಬಿಟ್ಟರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಬ್ರೇಕ್ ಪೈಪಿನ ಒಂದು ನಟ್ಟು ಸಡಿಲ ಬಿಟ್ಟರೆ ಹಾಗಲ್ಲ. ಅದು ಗೊತ್ತಾಗುವುದೇ ರಸ್ತೆಯಲ್ಲಿ, ಎದುರಿಗೆ ಲಾರಿ ಇರುವಾಗ. ಮೊದಲ ಬಗೆಯ ಕೆಲಸಗಳು ನಮ್ಮವು. ಎರಡನೆಯ ಬಗೆಯವು ಗ್ಯಾರೇಜಿನವು. ಎಷ್ಟು ಕಷ್ಟ ಅನ್ನುವುದಕ್ಕಿಂತ ತಪ್ಪಿನ ಬೆಲೆ ಎಷ್ಟು ಅನ್ನುವುದನ್ನು ನೋಡುವುದು ಮುಖ್ಯ.

ಟೈರು: ಮೊದಲು ನೋಡಬೇಕಾದ್ದು

ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದೂ ಹೆಚ್ಚುಕಡಿಮೆ ಅಂಗೈಯಗಲ. ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಆ ನಾಲ್ಕು ಜಾಗದಲ್ಲಿ ಹಿಡಿತ ಇಲ್ಲದಿದ್ದರೆ ಕಾರು ನಿಲ್ಲುವುದಿಲ್ಲ.

ನಮ್ಮ ಕಡೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಅದಕ್ಕೇ ಸ್ವಲ್ಪ ಕಡಿಮೆ ಗಾಳಿ ಹೊಡೆಸಬೇಕು, ಇಲ್ಲದಿದ್ದರೆ ಟೈರು ಸಿಡಿಯುತ್ತದೆ ಎನ್ನುತ್ತಾರೆ. ನಿಜ ಇದಕ್ಕೆ ತಿರುಗಾಮುರುಗ. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕದ ಗೋಡೆ ಕಾರಿನ ಭಾರಕ್ಕೆ ಮಡಚಿಕೊಳ್ಳುತ್ತದೆ. ಚಕ್ರ ಒಂದು ಸುತ್ತು ತಿರುಗುವಾಗ ಒಮ್ಮೆ ಮಡಚಿ ಒಮ್ಮೆ ಬಿಚ್ಚಿಕೊಳ್ಳುತ್ತದೆ. ವೇಗ ಜಾಸ್ತಿಯಾದಷ್ಟೂ ಇದು ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿದರೆ ಬಗ್ಗಿದ ಜಾಗ ಬಿಸಿಯಾಗುತ್ತದಲ್ಲ, ಕಾರಣ ಅದೇ. ಆ ಬಿಸಿಗೆ ರಬ್ಬರ್ ಮತ್ತು ಒಳಗಿನ ನೂಲಿನ ಪದರ ಬಿಟ್ಟುಕೊಳ್ಳುತ್ತವೆ. ಕೊನೆಗೆ ಟೈರು ಸಿಡಿಯುತ್ತದೆ. ಬಿಸಿಲಿನಲ್ಲಿ ಗಾಳಿ ಹಿಗ್ಗುವುದನ್ನು ಕಂಪನಿಯವರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ಎಷ್ಟು ಗಾಳಿ ಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಇರುತ್ತದೆ. ಚಿಕ್ಕ ಕಾರುಗಳಿಗೆ ಬಹುತೇಕ 30ರಿಂದ 35 ಪಿಎಸ್‌ಐ ನಡುವೆ. ಪಿಎಸ್‌ಐ ಅಂದರೆ ಒತ್ತಡದ ಅಳತೆ. ಐದು ಜನ, ಲಗೇಜು ತುಂಬಿದಾಗ ಎಷ್ಟಿರಬೇಕು ಅಂತಲೂ ಅದರಲ್ಲೇ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಟೈರಿನ ಮೇಲೆ ಅಚ್ಚಾದ ದೊಡ್ಡ ಸಂಖ್ಯೆಯನ್ನು ನೋಡಿ ಗಾಳಿ ಹೊಡೆಸಬೇಡಿ. ಅದು ಆ ಟೈರು ತಡೆಯುವ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಬೇಕಾದ ಅಳತೆ ಅಲ್ಲ. ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿ ಬಂದ ಟೈರಿನಲ್ಲಿ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರ್ ಮನೆಯಲ್ಲಿದ್ದರೆ ಈ ಕೆಲಸ ಸಲೀಸು. ನನ್ನ ಮಟ್ಟಿಗೆ ಕಾರಿಗೆ ಕೊಳ್ಳಬೇಕಾದ ಮೊದಲ ಸಾಮಾನು ಅದೇ.

ಸವೆತವೂ ಬೇಕಾದಷ್ಟು ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಟೈರಿನ ಮೇಲ್ಮೈಯಲ್ಲಿರುವ ಗೀರುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ. ಅವುಗಳ ಎತ್ತರ 1.6 ಮಿ.ಮೀ. ಸವೆತ ಆ ಮಟ್ಟಕ್ಕೆ ಬಂದರೆ ಟೈರು ಮುಗಿಯಿತು. ಮಳೆಯಲ್ಲಿ ನೀರನ್ನು ಪಕ್ಕಕ್ಕೆ ತಳ್ಳಲು ಅದಕ್ಕೆ ಆಗುವುದಿಲ್ಲ.

ವಯಸ್ಸನ್ನೂ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2322 ಅಂತಿದ್ದರೆ 2022ರ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಕಾರುಗಳಲ್ಲಿ ಟೈರಿನ ಗೀರುಗಳು ಹಾಗೇ ಇರುತ್ತವೆ, ರಬ್ಬರ್ ಮಾತ್ರ ಒಣಗಿ ಬಿರುಕುಬಿಟ್ಟಿರುತ್ತದೆ. ನಿವೃತ್ತರ ಮನೆಗಳಲ್ಲಿ ಇಂಥ ಕಾರು ಬಹಳ. ಐದಾರು ವರ್ಷ ದಾಟಿದ್ದರೆ ಎಕ್ಸ್‌ಪ್ರೆಸ್‌ವೇಗೆ ಹೋಗುವ ಮೊದಲು ಟೈರು ಅಂಗಡಿಯಲ್ಲಿ ತೋರಿಸಿ. ಸ್ಟೆಪ್ನಿಯ ಗಾಳಿಯನ್ನೂ ಮರೆಯಬೇಡಿ.

ಜಾಕ್ ಹಾಕುವಾಗ

ಮನೆ ರಿಪೇರಿಯಲ್ಲಿ ಜೀವ ಹೋಗುವಂಥ ಅಪಾಯ ಇರುವುದು ಇಲ್ಲಿ. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ, ಕೈ, ಕಾಲು ಯಾವುದನ್ನೂ ತೂರಿಸಬಾರದು. ಒಂದು ನಿಮಿಷಕ್ಕೂ ಬೇಡ. ಕೆಳಗೆ ಕೆಲಸ ಮಾಡಲೇಬೇಕಿದ್ದರೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು ನಿಲ್ಲಿಸಬೇಕು. ಇಟ್ಟಿಗೆ, ಸೈಜುಗಲ್ಲು ಪೇರಿಸುವುದು ಬೇಡ. ಭಾರ ಬಿದ್ದಾಗ ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ನೆಲ ಗಟ್ಟಿಯಾಗಿ, ಸಮನಾಗಿ ಇರಬೇಕು. ಮನೆ ಮುಂದಿನ ರ‍್ಯಾಂಪ್ ಮೇಲೆ ಜಾಕ್ ಹಾಕಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಇನ್ನೊಂದು ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ನಟ್ಟುಗಳನ್ನು ಕಾರು ಎತ್ತುವ ಮೊದಲೇ ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕ್‌ನಿಂದ ಜಾರುತ್ತದೆ. ಬಿಗಿ ಮಾಡುವಾಗ ಒಂದರ ಪಕ್ಕದ್ದನ್ನು ಬಿಟ್ಟು ಎದುರಿನದನ್ನು ಹಿಡಿಯಿರಿ, ಆಗ ಚಕ್ರ ಸಮನಾಗಿ ಕೂರುತ್ತದೆ. ಕೊನೆಯ ಬಿಗಿ ಕಾರು ಇಳಿಸಿದ ಮೇಲೆ.

ಎಕ್ಸ್‌ಪ್ರೆಸ್‌ವೇಯಲ್ಲೇ ಪಂಕ್ಚರ್ ಆದರೆ ಓಡುವ ಲೇನ್ ಪಕ್ಕದಲ್ಲಿ ಕೂತು ಚಕ್ರ ಬಿಚ್ಚುವ ಸಾಹಸ ಬೇಡ. ಎಡಕ್ಕೆ ಪೂರ್ತಿ ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಇಳಿದು ತಡೆಬೇಲಿಯಾಚೆ ನಿಂತು, ಹೆದ್ದಾರಿಯ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಎಂಜಿನ್ ಆಯಿಲ್

ಎಂಜಿನ್ ಒಳಗೆ ಲೋಹದ ಮೇಲೆ ಲೋಹ ನಿಮಿಷಕ್ಕೆ ಸಾವಿರಾರು ಸಲ ಚಲಿಸುತ್ತದೆ. ಅವೆರಡರ ನಡುವೆ ತೆಳುವಾದ ಆಯಿಲ್ ಪದರ ಇರುವುದರಿಂದಲೇ ಅವು ತಿಕ್ಕಿಕೊಳ್ಳುವುದಿಲ್ಲ. ಆಯಿಲ್ ಬಿಸಿಯನ್ನೂ ಹೊತ್ತೊಯ್ಯುತ್ತದೆ, ಮಸಿಯನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಡೀಸೆಲ್ ಕಾರಿನಲ್ಲಿ ಆಯಿಲ್ ಹಾಕಿಸಿದ ಕೆಲವೇ ದಿನಕ್ಕೆ ಕಪ್ಪಾಗುವುದು ಇದಕ್ಕೇ. ಕಪ್ಪಾಯಿತು ಅಂದರೆ ಕೆಟ್ಟಿತು ಅಂತಲ್ಲ.

ಮಟ್ಟ ನೋಡುವುದು ಸುಲಭ. ಕಾರು ಸಮ ನೆಲದಲ್ಲಿ ನಿಂತಿರಲಿ. ಎಂಜಿನ್ ಆರಿಸಿ ಹತ್ತು ನಿಮಿಷವಾದರೂ ಬಿಡಿ, ಆಯಿಲ್ ಕೆಳಗಿಳಿಯಬೇಕು. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ತೂರಿಸಿ ತೆಗೆಯಿರಿ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕೆಳಗಿನ ಗುರುತಿನ ಹತ್ತಿರ ಇದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ, ಮತ್ತೆ ನೋಡಿ. ಮೇಲಿನ ಗುರುತು ದಾಟಿಸಬೇಡಿ. ಜಾಸ್ತಿ ಆಯಿಲ್ ಕೂಡ ತೊಂದರೆಯೇ, ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಲೋಹವನ್ನು ಕಾಪಾಡುವ ಶಕ್ತಿ ಇಲ್ಲ. ಆಯಿಲ್ ಹಾಲುಹಾಲಾಗಿ, ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಸೇರಿಕೊಂಡಿರಬಹುದು. ಆಗ ಕಾರು ಓಡಿಸಬೇಡಿ, ಟೋ ಮಾಡಿಸಿ.

ಡಬ್ಬದ ಮೇಲಿನ 0ಡಬ್ಲ್ಯು-20, 5ಡಬ್ಲ್ಯು-30 ಅನ್ನುವುದು ಆಯಿಲ್ ಎಷ್ಟು ಗಟ್ಟಿ ಅನ್ನುವ ಅಳತೆ. ಮೊದಲ ಸಂಖ್ಯೆ ತಣ್ಣಗಿದ್ದಾಗಿನದು, ಎರಡನೆಯದು ಎಂಜಿನ್ ಪೂರ್ತಿ ಕಾದಾಗಿನದು. ಈಗಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಸಂದು ಬಹಳ ಕಿರಿದು, ಅದಕ್ಕೆ ತೆಳುವಾದ ಆಯಿಲ್ಲೇ ಬೇಕು. ‘ನಮ್ಮೂರ ಬಿಸಿಲಿಗೆ ದಪ್ಪ ಆಯಿಲ್ ಹಾಕಿ’ ಅಂತ ಯಾರಾದರೂ ಹೇಳಿದರೆ ಕಾರಿನ ಮ್ಯಾನುಯಲ್ ತೆಗೆದು ನೋಡಿ, ಅದರಲ್ಲಿರುವುದನ್ನೇ ಹಾಕಿ. ಬಿಎಸ್ 6 ಹೊಗೆ ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಕಟ್ಟಿಕೊಳ್ಳದಂತೆ ಕಡಿಮೆ ಬೂದಿಯ ಆಯಿಲ್ ಬೇಕು. ಅಲ್ಲಿ ಆಯ್ಕೆ ತಪ್ಪಿದರೆ ದುಬಾರಿ.

ಆಯಿಲ್ ಪೂರ್ತಿ ಬದಲಿಸುವುದೂ ಮನೆಯಲ್ಲಿ ಸಾಧ್ಯ. ಆದರೆ ಅದಕ್ಕೆ ಕಾರಿನ ಕೆಳಗೆ ಹೋಗಬೇಕು, ಡ್ರೈನ್ ಬೋಲ್ಟನ್ನು ಹದವಾಗಿ ಬಿಗಿ ಮಾಡಬೇಕು. ಮೊದಲ ವರ್ಷದ ಕೆಲಸ ಅದಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಾಡುವವರು ಹಳೆಯ ಆಯಿಲನ್ನು ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಬೇಕು. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮೋರಿಗೆ ಸುರಿದರೆ ಕೆರೆಗೋ ನಾಲೆಗೋ ಹೋಗುತ್ತದೆ, ಗದ್ದೆಗೆ ಬರುತ್ತದೆ.

ಕೂಲೆಂಟ್

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕಾರಿನ ಎಂಜಿನ್ ದುಡಿಯುವುದು 90 ಡಿಗ್ರಿ ಆಸುಪಾಸಿನಲ್ಲಿ. ಅಂದರೆ ಬರೀ ನೀರು ತೆರೆದ ಪಾತ್ರೆಯಲ್ಲಿದ್ದರೆ ಸ್ವಲ್ಪ ಏರು ಹತ್ತಿದರೂ ಕುದಿದುಬಿಡುತ್ತದೆ. ಅದಕ್ಕೇ ರೇಡಿಯೇಟರನ್ನು ಕುಕ್ಕರಿನ ಹಾಗೆ ಮುಚ್ಚಿಟ್ಟಿರುತ್ತಾರೆ. ಒತ್ತಡ ಹೆಚ್ಚಿದಾಗ ಕುದಿಯುವ ಬಿಂದು 120 ಡಿಗ್ರಿ ಆಸುಪಾಸಿಗೆ ಏರುತ್ತದೆ. ಕುಕ್ಕರಿನ ವಿಷಲ್ ಇಳಿಯುವ ಮೊದಲು ಮುಚ್ಚಳ ತೆಗೆಯುವುದಿಲ್ಲ ಅಲ್ವಾ? ರೇಡಿಯೇಟರ್ ಕ್ಯಾಪಿಗೂ ಅದೇ ನಿಯಮ. ಬಿಸಿಯಲ್ಲಿ ತೆರೆದರೆ ಒತ್ತಡ ಇಳಿದ ಕ್ಷಣವೇ ಒಳಗಿನದು ಕುದಿದು ಮುಖಕ್ಕೆ ಹಾರುತ್ತದೆ.

ಮನೆಯಲ್ಲಿ ಕ್ಯಾಪ್ ಮುಟ್ಟುವ ಅಗತ್ಯವೇ ಇಲ್ಲ. ಪಕ್ಕದಲ್ಲಿರುವ ಪ್ಲಾಸ್ಟಿಕ್ ಟ್ಯಾಂಕಿನ ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಎರಡು ಗೆರೆಗಳ ನಡುವೆ ಇರಬೇಕು. ತಿಂಗಳು ತಿಂಗಳೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹಾಕುತ್ತಾ ಹೋಗುವುದು ಪರಿಹಾರವಲ್ಲ, ಸೋರುವ ಜಾಗ ಹುಡುಕಿಸಿ.

ನಲ್ಲಿ ನೀರು, ಬೋರ್‌ವೆಲ್ ನೀರು ಹಾಕಬೇಡಿ. ಮಂಡ್ಯ ಕಡೆ ಬಹಳಷ್ಟು ಬೋರ್‌ವೆಲ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಕೂಲೆಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ನೀರು ಬೆರೆತಷ್ಟೂ ಅವು ತೆಳುವಾಗುತ್ತವೆ. ಬೆರೆಸಬೇಕಿದ್ದರೆ ಡಿಸ್ಟಿಲ್ಡ್ ವಾಟರ್ ಬಳಸಿ. ಹಸಿರು, ಕೆಂಪು, ನೀಲಿ ಅನ್ನುವ ಬಣ್ಣವನ್ನು ನಂಬಿ ಕೊಳ್ಳಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಬಗೆ ಇರುತ್ತವೆ. ಕೂಲೆಂಟ್ ವಿಷ, ಆದರೆ ರುಚಿ ಸಿಹಿ. ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕುತ್ತವೆ. ತಕ್ಷಣ ತೊಳೆಯಿರಿ.

ದಾರಿಯಲ್ಲಿ ಬಿಸಿಯ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬರುತ್ತದೆ, ಸೆಕೆ ತಡೆದುಕೊಳ್ಳಿ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕುಬಿಡುತ್ತದೆ.

ಬ್ಯಾಟರಿ

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಕೀ ತಿರುಗಿಸಿದಾಗ ಬರೀ ಟಕ್ ಟಕ್ ಸದ್ದು ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಬ್ಯಾಟರಿ ಚೆನ್ನಾಗಿಯೇ ಇರುತ್ತದೆ. ಅಡುಗೆ ಸೋಡಾ ಬೆರೆಸಿದ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಸಾಕು. ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ.

ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಕಾರಿನ ಇಡೀ ಬಾಡಿ ಮೈನಸ್ ತುದಿಗೆ ಸೇರಿರುತ್ತದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಕಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರುತ್ತದೆ, ಅಲ್ಲಿ ಕಿಡಿ ಒಳ್ಳೆಯದಲ್ಲ.

ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಊಹೆಯೇ ಬೇಡ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಇದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರುತ್ತದೆ. ಆಗಲೂ 12ರ ಹತ್ತಿರವೇ ಇದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು. ಹೊಸ ಬ್ಯಾಟರಿಗೆ ಸುಮ್ನೆ ದುಡ್ಡು ಹಾಕಿ ಪ್ರಯೋಜನವಿಲ್ಲ.

ಬೇಗ ಮುಗಿಯುವ ಕೆಲಸಗಳು

ಏರ್ ಫಿಲ್ಟರ್ ಪೆಟ್ಟಿಗೆಗೆ ಬಹುತೇಕ ಕಾರುಗಳಲ್ಲಿ ಕೆಲವು ಕ್ಲಿಪ್ ಅಷ್ಟೇ. ಕಬ್ಬಿನ ಗದ್ದೆ ನಡುವಿನ ಮಣ್ಣುದಾರಿಯಲ್ಲಿ ದಿನವೂ ಓಡಾಡುವವರು ಮ್ಯಾನುಯಲ್ ಹೇಳಿದ್ದಕ್ಕಿಂತ ಬೇಗ ತೆಗೆದು ನೋಡಬೇಕು. ಕಾಗದದ ಫಿಲ್ಟರನ್ನು ತೊಳೆಯಬಾರದು. ಎಸಿಯ ಫಿಲ್ಟರ್ ಹೆಚ್ಚಾಗಿ ಎಡಗಡೆ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದೆ ಇರುತ್ತದೆ. ಗಾಳಿ ಸರಿಯಾಗಿ ಬರುತ್ತಿಲ್ಲ ಅಂದರೆ ಗ್ಯಾಸ್ ತುಂಬಿಸುವ ಮೊದಲು ಅದನ್ನು ನೋಡಿ.

ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದು ಹಾಕಿ. 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ ಬಣ್ಣ. ತಂತಿ ಸುತ್ತಿದರೆ ಫ್ಯೂಸ್ ಬದಲು ಒಳಗಿನ ವೈರಿಂಗ್ ಸುಡುತ್ತದೆ. ಹೊಸ ಫ್ಯೂಸೂ ಹೋಯಿತೆಂದರೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಬ್ರೇಕ್: ನೋಡಿ, ಬಿಚ್ಚಬೇಡಿ

ಬ್ರೇಕ್ ಪೆಡಲ್ ಒತ್ತಿದಾಗ ನಮ್ಮ ಕಾಲಿನ ಬಲವನ್ನು ಚಕ್ರದವರೆಗೆ ಒಯ್ಯುವುದು ಕೊಳವೆಯಲ್ಲಿರುವ ಬ್ರೇಕ್ ಫ್ಲೂಯಿಡ್. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಅದರಿಂದಲೇ ಇದು ಕೆಲಸ ಮಾಡುತ್ತದೆ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ.

ಚಾಮುಂಡಿ ಬೆಟ್ಟ ಇಳಿಯುವಾಗ ಟಾಪ್ ಗೇರಿನಲ್ಲಿಟ್ಟು ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಡಿಸ್ಕ್ ವಿಪರೀತ ಕಾಯುತ್ತದೆ. ಆ ಬಿಸಿ ಫ್ಲೂಯಿಡ್‌ಗೆ ತಲುಪಿ ಹಳೆಯ ಫ್ಲೂಯಿಡ್ ಕುದಿದರೆ ಗುಳ್ಳೆ ಏಳುತ್ತವೆ. ಗುಳ್ಳೆಯನ್ನು ಒತ್ತಿ ಕುಗ್ಗಿಸಬಹುದು. ಆಗ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿ ಎಂಜಿನ್ನೇ ಕಾರನ್ನು ಹಿಡಿಯುವಂತೆ ಮಾಡಬೇಕು ಅನ್ನುವುದು ಇದಕ್ಕೆ. ಫ್ಲೂಯಿಡನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಗ್ಯಾರೇಜಿನಲ್ಲಿ.

ಮನೆಯಲ್ಲಿ ನಾವು ನೋಡಬಹುದಾದ್ದು ಅದರ ಟ್ಯಾಂಕಿನ ಮಟ್ಟ. ಇಳಿದಿದ್ದರೆ ಎರಡೇ ಅರ್ಥ: ಪ್ಯಾಡ್ ಸವೆದಿದೆ, ಇಲ್ಲವೇ ಸೋರುತ್ತಿದೆ. ತುಂಬಿಸಿ ಸುಮ್ಮನಾದರೆ ಈ ಸುಳಿವನ್ನೇ ಅಳಿಸಿದ ಹಾಗೆ. ಕಿರ್ ಅನ್ನುವ ಸದ್ದು, ಪೆಡಲ್ ನಡುಕ, ಕಾರು ಒಂದು ಕಡೆಗೆ ಎಳೆಯುವುದು, ಇವನ್ನೆಲ್ಲ ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ಹೇಳಿ.

ಇದೇ ಸಾಲಿನಲ್ಲಿ ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್, ಎಸಿ ಗ್ಯಾಸ್, ಸಿಎನ್‌ಜಿ ಕಿಟ್ ಬರುತ್ತವೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಅಂತೂ ಜೀವ ತೆಗೆಯುವ ವೋಲ್ಟೇಜಿನದು.

ಡ್ಯಾಶ್‌ಬೋರ್ಡಿನ ದೀಪಗಳು

ಕೆಂಪು ಆಯಿಲ್ ದೀಪ ಹತ್ತಿದರೆ ಆ ಕ್ಷಣವೇ ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿ. ಮುಂದಿನ ಬಂಕ್‌ವರೆಗೆ ಅಂತ ಓಡಿಸಿದರೂ ಎಂಜಿನ್ ಬಿಗಿಹಿಡಿದು ಕೆಟ್ಟುಹೋಗಬಹುದು. ಹಳದಿ ಚೆಕ್ ಎಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಓಡಿಸಿಕೊಂಡು ಹೋಗಿ ತೋರಿಸಬಹುದು. ಮಿಣುಕುತ್ತಿದ್ದರೆ ನಿಲ್ಲಿಸಬೇಕು.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಕಿಂಡಿ ಇರುತ್ತದೆ. ಅದಕ್ಕೆ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಕೋಡ್ ಮೊಬೈಲಿನಲ್ಲೇ ಕಾಣುತ್ತದೆ. ಪಿ0302 ಬಂದರೆ ಎರಡನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಅಂತ. ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ ಅನ್ನುವುದನ್ನು ಕೋಡ್ ಹೇಳುವುದಿಲ್ಲ. ಎಲ್ಲಿ ಹುಡುಕಬೇಕು ಅಂತ ಮಾತ್ರ ಹೇಳುತ್ತದೆ. ಆದರೂ ಗ್ಯಾರೇಜಿನಲ್ಲಿ ಮಾತಾಡುವಾಗ ಅಷ್ಟು ಗೊತ್ತಿರುವುದು ದೊಡ್ಡ ಅನುಕೂಲ.

ನಮ್ಮ ಸೀಮೆಯ ವಿಷಯಗಳು

ಸುಗ್ಗಿಯ ಕಾಲದಲ್ಲಿ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಸೊಪ್ಪು ಬಳ್ಳಿಯಂತೆ ಉದ್ದ. ಅದು ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಪೈಪಿಗೆ ಅಂಟುತ್ತದೆ. ಪೈಪು ನೂರಾರು ಡಿಗ್ರಿ ಕಾದಿರುತ್ತದೆ, ಸೊಪ್ಪು ಒಣಗಿರುತ್ತದೆ. ಹೀಗೆ ಕಾರಿಗೆ ಬೆಂಕಿ ಹತ್ತಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಅಂಥ ರಸ್ತೆ ದಾಟಬೇಕಾಗಿ ಬಂದರೆ ಸ್ವಲ್ಪ ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಸೊಪ್ಪು ಎಳೆಯುವುದಿದ್ದರೆ ಎಂಜಿನ್ ಆರಿಸಿ, ಪೈಪು ತಣ್ಣಗಾದ ಮೇಲೆ.

ಗದ್ದೆ ಪಕ್ಕದ ಬಡಾವಣೆಗಳಲ್ಲಿ ಇಲಿ ಕಾಟ ಜಾಸ್ತಿ. ಬಾನೆಟ್ ಒಳಗೆ ಹಿಕ್ಕೆ, ಹುಲ್ಲು, ಬಟ್ಟೆ ಚೂರು ಕಂಡರೆ ವೈರು ಕಡಿದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಕೆಲವರು ಹೊಗೆಸೊಪ್ಪು ಇಡುತ್ತಾರೆ. ಇಡುವುದಾದರೂ ಕಾಯುವ ಭಾಗಗಳಿಂದ ದೂರ ಇಡಿ. ಕಾರನ್ನು ಆಗಾಗ ಓಡಿಸುವುದು, ಬಾನೆಟ್ ಒಳಗನ್ನು ವಾರಕ್ಕೊಮ್ಮೆ ನೋಡುವುದು ಅದಕ್ಕಿಂತ ಭರವಸೆಯ ದಾರಿ.

ಆಯುಧ ಪೂಜೆಗೆ ಕಾರು ತೊಳೆಯುವಾಗ ಬಾನೆಟ್ ಒಳಗೆ ಪೈಪಿನಿಂದ ಜೋರಾಗಿ ನೀರು ಬಿಡಬೇಡಿ. ಫ್ಯೂಸ್ ಪೆಟ್ಟಿಗೆ, ಸೆನ್ಸರ್ ಜೋಡಣೆಗಳಿಗೆ ನೀರು ಸೇರಿದರೆ ಮಾರನೇ ದಿನ ವಿಜಯದಶಮಿಗೆ ಕಾರು ಸ್ಟಾರ್ಟ್ ಆಗದಿರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ವಾರಂಟಿ, ಬಿಲ್ಲು, ಪುಸ್ತಕ

ವಾರಂಟಿ ಇರುವ ಕಾರಿಗೆ ಅವಧಿಯ ಸರ್ವಿಸನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಗಾಳಿ ನೋಡುವುದು, ವೈಪರ್ ಬದಲಿಸುವುದಕ್ಕೆ ಅಡ್ಡಿಯಿಲ್ಲ. ವೈರ್ ಕತ್ತರಿಸಿ ಹೊಸ ಲೈಟು, ಹಾರ್ನ್ ಸೇರಿಸುವುದು ಬೇಡ. ಆ ಭಾಗದಲ್ಲಿ ಮುಂದೆ ಏನಾದರೂ ಕೆಟ್ಟರೆ ವಾರಂಟಿ ಕೊಡಲು ಒಪ್ಪದಿರಬಹುದು. ವಾರಂಟಿ ಮುಗಿದ ಕಾರಿಗೆ ಬಿಡಿಭಾಗ ಕೊಳ್ಳುವಾಗ ಪಾರ್ಟ್ ನಂಬರ್ ನೋಡಿ, ಬಿಲ್ಲು ಕೇಳಿ ಪಡೆಯಿರಿ. ಫಿಲ್ಟರ್, ಬ್ರೇಕ್ ಪ್ಯಾಡುಗಳಲ್ಲಿ ನಕಲಿ ಮಾಲು ಬರುತ್ತದೆ.

ಗ್ಲವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಡಿ. ದಿನಾಂಕ, ಕಿ.ಮೀ., ಏನು ನೋಡಿದಿರಿ, ಏನು ಹಾಕಿದಿರಿ ಅಂತ ಒಂದೊಂದು ಸಾಲು ಬರೆಯಿರಿ. ಕೂಲೆಂಟ್ ಆರು ತಿಂಗಳಲ್ಲಿ ಮೂರು ಸಲ ಇಳಿದಿದೆ ಅನ್ನುವುದು ನೆನಪಿನಲ್ಲಿ ಉಳಿಯುವುದಿಲ್ಲ, ಪುಸ್ತಕದಲ್ಲಿ ಉಳಿಯುತ್ತದೆ. ಮೆಕ್ಯಾನಿಕ್ ಅದನ್ನು ನೋಡಿದರೆ ಸೋರಿಕೆ ಹುಡುಕುವುದರಿಂದಲೇ ಕೆಲಸ ಶುರು ಮಾಡುತ್ತಾರೆ.